ಕೊಳಲಿನ ಸಾಲಿನ ಕಣ್ಣು

ಅಕ್ಕನಿಗೆ ಅನುಮಾನ ಹುಟ್ಟುಗುಣ. ಅಂಗಡಿಯವನು ತೂಗಿ ಕೊಟ್ಟ ಸಕ್ಕರೆಯನ್ನು ಮನೆಗೆ ತಂದು ಮತ್ತೆ ತೂಗುವವಳು ಅವಳು. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ವಾಪಸ್ ಬಂದು ಬೀಗ ಜಗ್ಗಿ ನೋಡದಿದ್ದರೆ ಆ ದಿನ ಅವಳಿಗೆ ತಿಂದದ್ದು ಅರಗುವುದಿಲ್ಲ. ಜಗತ್ತಿನಲ್ಲಿ ಒಳ್ಳೆಯವರಿದ್ದಾರೆ ಅಂತ ಒಪ್ಪುತ್ತಾಳೆ, ಇಲ್ಲ ಅನ್ನುವುದಿಲ್ಲ. ಆದರೆ ಅವರೆಲ್ಲ ಬೇರೆ ಬೀದಿಯಲ್ಲಿದ್ದಾರೆ ಅಂತ ಅವಳ ನಂಬಿಕೆ.

ಮನೆಯಲ್ಲಿ ತಮ್ಮ ಕರೆಯುತ್ತಿದ್ದದ್ದು ಕೆಲಸದ ಜಾಗಕ್ಕೂ ಹಬ್ಬಿ, ಎಲ್ಲರಿಗೂ ಅವಳು ಅಕ್ಕನೇ ಆಗಿಬಿಟ್ಟಿದ್ದಳು. ಕೆಲಸದ ಜಾಗ ಅಂದರೆ ಸಂಗೀತ ಸಭಾಂಗಣದ ಹಿಂದೆ, ಮೆಟ್ಟಿಲಿನ ಕೆಳಗೆ, ಕಿಟಕಿಯಲ್ಲಿ ಬರೀ ಹೋಗಿಬರುವವರ ಪಾದಗಳು ಕಾಣುವ ಒಂದು ಕೋಣೆ. ಅದಕ್ಕೆ ಪುಟದ ಕೋಣೆ ಅಂತ ಹೆಸರು. ಸಂಗೀತ ರಚಿಸುವವರು ಕೈಯಲ್ಲಿ ಗೀಚಿ ಕಳಿಸಿದ್ದನ್ನು ಇಲ್ಲಿ ಕಂಪ್ಯೂಟರಿಗೆ ಏರಿಸಬೇಕು. ಐದೈದು ಗೆರೆ, ಗೆರೆಗಳ ಮೇಲೂ ನಡುವೆಯೂ ಸ್ವರದ ಬೊಟ್ಟುಗಳು, ಬೊಟ್ಟುಗಳ ನೆತ್ತಿಯ ಮೇಲೆ ಗಟ್ಟಿಯಾಗಿ ನುಡಿಸು, ಮೆಲ್ಲಗೆ ನುಡಿಸು, ಇಲ್ಲಿ ಉಸಿರು ತಗೋ ಅಂತ ಹೇಳುವ ಪುಟ್ಟ ಗುರುತುಗಳು. ಎಲ್ಲ ವಾದ್ಯಗಳೂ ಒಟ್ಟಿಗಿರುವುದು ದೊಡ್ಡ ಪುಟ; ಅದು ಕೋಲು ಹಿಡಿದು ಎಲ್ಲರನ್ನೂ ನಡೆಸುವ ಮೇಷ್ಟ್ರಿಗೆ. ಒಬ್ಬೊಬ್ಬರ ಪಾಲಿನದು ಬಿಡಿ ಪುಟ, ಅದು ನುಡಿಸುವವರಿಗೆ. ಗುರುತು ಒಂಚೂರು ಅತ್ತಿತ್ತ ಆದರೂ ಸಾಕು, ಅಲ್ಲಿ ಸಭೆಯಲ್ಲಿ ಯಾರೋ ತಪ್ಪು ಜಾಗದಲ್ಲಿ ಉಸಿರೆಳೆದು ಬೈಸಿಕೊಳ್ಳುತ್ತಾರೆ. ಅನುಮಾನದ ಮನುಷ್ಯರಿಗೆ ಹೇಳಿ ಮಾಡಿಸಿದ ಕೆಲಸ.

ಅಕ್ಕನ ಪುಟಗಳು ಕಣ್ಣಿಗೆ ಹಬ್ಬ. ಸಾಫ್ಟ್‌ವೇರು ಗುರುತನ್ನು ತಾನಾಗಿ ಎಲ್ಲಿ ಕೂರಿಸುತ್ತದೋ ಅದು ಅವಳಿಗೆ ಹಿಡಿಸುವುದಿಲ್ಲ. ಮೌಸಿನಿಂದ ಹಿಡಿದು ಒಂಚೂರು ಮೇಲೆತ್ತುತ್ತಾಳೆ, ಒಂಚೂರು ಪಕ್ಕಕ್ಕೆ ಎಳೆಯುತ್ತಾಳೆ, ತಲೆ ಓರೆ ಮಾಡಿ ನೋಡುತ್ತಾಳೆ, ಮತ್ತೆ ಎಳೆಯುತ್ತಾಳೆ. ಮಗುವಿನ ಹಣೆಯ ಮೇಲಿನ ಕೂದಲು ತೀಡಿದ ಹಾಗೆ.

ಎರಡನೆಯ ಕಂಪ್ಯೂಟರಿನ ಮುಂದೆ ಕೂರುವವನು ಮಫ್ಲರ್. ಎಂಥ ಸೆಕೆಯಲ್ಲೂ ಕುತ್ತಿಗೆಗೆ ಒಂದು ಬೂದು ಮಫ್ಲರ್ ಸುತ್ತಿಕೊಂಡೇ ಇರುತ್ತಾನೆ, ಅದಕ್ಕೇ ಆ ಹೆಸರು. ಎದುರಿಗೆ ಅಕ್ಕ ಅವನನ್ನು ಸಾರ್ ಅನ್ನುತ್ತಾಳೆ. ಬೆನ್ನು ತಿರುಗಿದ ಮೇಲೆ ಮಫ್ಲರ್. ಅವನಿಗೆ ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ಅಕ್ಕನಿಗೆ ಆಗದು. ಬಾಯಿ ಬಿಡದವರ ಹೊಟ್ಟೆಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತಾಗಬೇಕು? ಬಂದ ಹೊಸದರಲ್ಲಿ ಒಂದೇ ಒಂದು ಸಲ ಅವಳ ಹಿಂದೆ ಬಂದು ನಿಂತು, "ಗುರುತುಗಳನ್ನ ಹೀಗೆ ಕೈಯಿಂದ ಎಳೆದು ಕೂರಿಸೋದು ಅಷ್ಟು ಒಳ್ಳೇದಲ್ಲ ಅಕ್ಕಾ," ಅಂದಿದ್ದ. "ನಿಮ್ಮ ಪುಟ ನೀವು ನೋಡ್ಕೊಳ್ಳಿ ಸಾರ್," ಅಂದು ಅಕ್ಕ ಮುಖ ಊದಿಸಿಕೊಂಡವಳು ವಾರಗಟ್ಟಲೆ ಅವನ ಜೊತೆ ತುಟಿ ಬಿಚ್ಚಿರಲಿಲ್ಲ. ಆಮೇಲೆ ಅವನೂ ಏನೂ ಹೇಳುವ ಗೋಜಿಗೆ ಬರಲಿಲ್ಲ.

ಹೀಗಿರುವಾಗ ವಾದ್ಯವೃಂದದಲ್ಲಿ ಎರಡನೆಯ ಕೊಳಲಿನ ಕುರ್ಚಿ ಖಾಲಿಯಾಯಿತು. ಅಕ್ಕನ ತಮ್ಮ ಕೊಳಲಿನವನು. ಅಪ್ಪ ಅಮ್ಮ ಹೋದಮೇಲೆ ಅವಳೇ ಸಾಕಿ, ಅವಳೇ ಬೈದು, ಅವಳೇ ಪಾಠಕ್ಕೆ ಕಳಿಸಿದ ಹುಡುಗ. ಈಗ ಹುಡುಗನೇನಲ್ಲ, ಕೂದಲು ಹಿಂದಕ್ಕೆ ಸರಿಯುತ್ತಿದೆ. ಹೋಟೆಲುಗಳ ಮೂಲೆಯಲ್ಲಿ, ಜನ ಊಟ ಮಾಡುತ್ತ ಹರಟುವಾಗ ಯಾರೂ ಕೇಳದ ಹಾಗೆ ನುಡಿಸಿ ನುಡಿಸಿ ಅವನಿಗೂ ಸಾಕಾಗಿತ್ತು. "ಈ ಕುರ್ಚಿ ಸಿಗದಿದ್ರೆ ಕೊಳಲಿನ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಹಾಕ್ತೀನಿ. ಮಾವನ ಟೈಲ್ಸ್ ಅಂಗಡಿಗೆ ಬರ್ತೀನಿ ಅಂತ ಹೇಳೂ ಆಯ್ತು," ಅಂದಿದ್ದ. ಅಕ್ಕನಿಗೆ ಅದು ಹಿಡಿಸಿರಲಿಲ್ಲ. ಟೈಲ್ಸ್ ಅಂಗಡಿ ಕೆಟ್ಟದ್ದು ಅಂತಲ್ಲ. ಆದರೆ ಆ ತುಟಿ, ಆ ಬೆರಳು ಅಲ್ಲಿ ಏನು ಮಾಡಬೇಕು, ಹೇಳಿ?

ಕುರ್ಚಿಗೆ ಕೊನೆಯಲ್ಲಿ ಉಳಿದವರು ಇಬ್ಬರು. ಒಬ್ಬ ತಮ್ಮ. ಇನ್ನೊಬ್ಬಳು ಯಾರು ಅಂತೀರಿ? ಮಫ್ಲರಿನ ಮಗಳು!

ಕ್ರಮ ಹೀಗೆ: ಒಬ್ಬೊಬ್ಬರೂ ಒಂದು ದಿನ ವೃಂದದ ಜೊತೆ ಕೂತು, ಮೊದಲು ಕಾಣದ ಪುಟವನ್ನು ಅಲ್ಲೇ ನೋಡಿ ನುಡಿಸಬೇಕು. ಮಗಳ ಸರದಿ ಬೇರೊಂದು ಕೃತಿಯೊಂದಿಗೆ ಆಗಲೇ ಮುಗಿದಿತ್ತು, ಚೆನ್ನಾಗಿಯೇ ನುಡಿಸಿದಳಂತೆ. ಮುಂದಿನ ವಾರ ತಮ್ಮನದು, ಹೊಸ ಕೃತಿ. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಪುಟ ತಮ್ಮನಿಗೆ ಮೊದಲೇ ತೋರಿಸುವಂತಿಲ್ಲ. ತೋರಿಸಲೂ ಇಲ್ಲ, ಅಷ್ಟರಮಟ್ಟಿಗೆ ಅವಳು ಕಟ್ಟುನಿಟ್ಟು. ಆದರೆ ಎರಡನೆಯ ಕೊಳಲಿನ ಸಾಲು ಬಂದಾಗಲೆಲ್ಲ ಅವಳ ಕೈ ನಿಧಾನವಾಗುತ್ತಿತ್ತು. ಬೇರೆಯವರ ಸಾಲುಗಳನ್ನು ಸಾಫ್ಟ್‌ವೇರು ಕೂರಿಸಿದಲ್ಲೇ ಬಿಟ್ಟಳು. ಕೊಳಲಿನ ಸಾಲಿನ ಒಂದೊಂದು ಗುರುತನ್ನೂ ಕೈಯಾರೆ ಎಳೆದು, ತೀಡಿ, ನೇವರಿಸಿ ಕೂರಿಸಿದಳು.

ಆಗಲೇ ಅವಳಿಗೆ ಆ ಸಂಗತಿ ಕಂಡದ್ದು. ಸಂಜೆ ಬಿಟ್ಟುಹೋದಲ್ಲಿ ಬೆಳಿಗ್ಗೆ ಗುರುತುಗಳು ಇರುತ್ತಿರಲಿಲ್ಲ. ಬಹಳವೇನಲ್ಲ. ಮೇಲೆತ್ತಿದ್ದು ಒಂಚೂರು ಕೆಳಗಿಳಿದಿರುತ್ತಿತ್ತು, ಎಡಕ್ಕೆ ಎಳೆದದ್ದು ಬಲಕ್ಕೆ ಬಂದಿರುತ್ತಿತ್ತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅಕ್ಕನಿಗೆ ಕಂಡಿತು.

"ಯಾರೋ ಕೈಯಾಡಿಸ್ತಿದ್ದಾರೆ ಕಣೋ," ಅಂದಳು ತಮ್ಮನ ಹತ್ತಿರ.

"ಅಕ್ಕಾ, ನಿಂಗೆ ಕನ್ನಡಿ ಮೇಲೂ ಅನುಮಾನ," ಅಂತ ಅವನು ನಕ್ಕುಬಿಟ್ಟ. "ಕಂಪ್ಯೂಟರ್ ತಾನಾಗೇ ಏನೋ ಮಾಡಿರುತ್ತೆ ಬಿಡು."

ಬಿಡುವ ಜಾಯಮಾನ ಅವಳದಲ್ಲ. ಮರುದಿನ ಬೇಗ ಹೊರಟು ಬಂದಳು. ಕೋಣೆಯ ದೀಪ ಆಗಲೇ ಉರಿಯುತ್ತಿತ್ತು. ಮಫ್ಲರ್ ತನ್ನ ಕುರ್ಚಿಯಲ್ಲಿ ಏನೂ ಗೊತ್ತಿಲ್ಲದವನ ಹಾಗೆ ಟೀ ಕುಡಿಯುತ್ತಿದ್ದ. ಅಕ್ಕ ಕೋಟು ತೆಗೆಯುವ ನೆಪದಲ್ಲಿ ತನ್ನ ಕಂಪ್ಯೂಟರಿನ ಬೆನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು!

"ಏನ್ ಸಾರ್, ಇಷ್ಟು ಬೇಗ?"

"ಹಾಗೇ ಸುಮ್ಮನೆ," ಅಂದ. ಹಾಗೇ ಸುಮ್ಮನೆ ಅಂತೆ! ಹಾಗೇ ಸುಮ್ಮನೆ ಯಾರಾದರೂ ಮುಂಜಾನೆಯ ನಿದ್ದೆ ಬಿಟ್ಟು ಬರುತ್ತಾರೆಯೇ?

ಅಂದು ಸಂಜೆ ಅಕ್ಕ ಒಂದು ಬಲೆ ಹಾಕಿದಳು. ಕೊಳಲಿನ ಸಾಲಿನಲ್ಲಿ ಉಸಿರಿನ ಗುರುತೊಂದನ್ನು ಬೇಕೆಂದೇ ಸೊಟ್ಟಗೆ ಎಳೆದಿಟ್ಟು ಹೋದಳು. ಬೆಳಿಗ್ಗೆ ಬಂದು ನೋಡಿದರೆ ಗುರುತು ನೆಟ್ಟಗಿದೆ. ಅವಳಿಗೆ ಕೋಪ ಬಂತು, ಕೋಪದ ಹಿಂದೆಯೇ ಒಂದು ಥರದ ತೃಪ್ತಿಯೂ ಬಂತು. ನೋಡಿದ್ಯಾ, ನಾನು ಹೇಳಿದ್ದೇ ಸರಿ! ಇವತ್ತು ನೆಟ್ಟಗೆ ಮಾಡಿದವನು ತಮ್ಮ ಕೂರುವ ದಿನ ಯಾವುದನ್ನು ಎಲ್ಲಿಗೆ ಸರಿಸುತ್ತಾನೋ ಬಲ್ಲವರು ಯಾರು? ಮಗಳ ಕುರ್ಚಿಗಾಗಿ ಕೈ ಪಳಗಿಸಿಕೊಳ್ಳುತ್ತಿದ್ದಾನೆ. ಮಫ್ಲರ್ ಸುತ್ತಿಕೊಂಡು, ಟೀ ಹೀರಿಕೊಂಡು, ಬಾಯಲ್ಲಿ ಬೆರಳಿಟ್ಟರೆ ಕಚ್ಚಲಾರದವನ ಹಾಗೆ!

ಜಗಳಕ್ಕೆ ಹೋಗಲಿಲ್ಲ. ಫೈಲಿಗೆ ಪಾಸ್‌ವರ್ಡ್ ಹಾಕಿದಳು. ಯಾವ ಪಾಸ್‌ವರ್ಡ್ ಅಂತ ತುಸು ಯೋಚಿಸಿ, ಒಂದನ್ನು ಹೊಂದಿಸಿದಳು. ದಿನವೂ ಅವನು ಪಕ್ಕದಲ್ಲಿ ಕೂತಿರುವಾಗಲೇ ಅದನ್ನು ಟಕಟಕ ಒತ್ತುವಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಬಂದಾಗ ಮಫ್ಲರ್ ಒಂದು ಸಲ ಅವಳ ಕಂಪ್ಯೂಟರಿನ ಕಡೆ ನೋಡಿದ, ಒಂದು ಸಲ ಅವಳನ್ನು ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. 'ಹೊಟ್ಟೆ ಉರೀತಿದೆ' ಅಂದುಕೊಂಡಳು ಅಕ್ಕ.

ಪಾಸ್‌ವರ್ಡ್ ಹಾಕಿದ ಮೇಲೆ ಅಕ್ಕ ಏರಿಸಿದ ನಿಧಾನ ಭಾಗದಲ್ಲಿ ಒಂದು ಜಾಗವಿತ್ತು. ಅಲ್ಲಿ ಎಲ್ಲ ವಾದ್ಯಗಳ ಮೇಲೂ ಒಂದೇ ಗುರುತು: ಅರ್ಧಚಂದ್ರದ ಕಮಾನು, ಅದರ ಕೆಳಗೆ ಒಂದು ಚುಕ್ಕೆ. ಪುಟದ ಕೋಣೆಯಲ್ಲಿ ಅದಕ್ಕೆ ಕಣ್ಣು ಅನ್ನುತ್ತಾರೆ. ಕಣ್ಣು ಕೂತ ಸ್ವರವನ್ನು ಮೇಷ್ಟ್ರ ಕೋಲು ಇಳಿಯುವವರೆಗೆ ಬಿಡದೆ ಹಿಡಿಯಬೇಕು. ಎಲ್ಲರೂ ಒಟ್ಟಿಗೆ ನಿಂತು, ಇಡೀ ಸಭೆ ಉಸಿರು ಬಿಗಿಹಿಡಿಯುವ ಜಾಗ. ಕೊಳಲಿನ ಸಾಲಿನ ಕಣ್ಣನ್ನು ಅಕ್ಕ ಎಷ್ಟು ಚೆಂದ ಕೂರಿಸಿದ್ದಳೆಂದರೆ ನೋಡಿ ತಾನೇ ಮೆಚ್ಚಿಕೊಂಡಿದ್ದಳು. ತಮ್ಮ ಕೂರುವ ದಿನ ದೊಡ್ಡ ಪುಟದಿಂದ ಬಿಡಿ ಪುಟಗಳನ್ನು ತಾನೇ ತೆಗೆದಳು, ಮುದ್ರಿಸಿದಳು, ಯಾರ ಕೈಗೂ ಕೊಡದೆ ತಾನೇ ಹೋಗಿ ಸ್ಟ್ಯಾಂಡುಗಳ ಮೇಲೆ ಇಟ್ಟುಬಂದಳು. ಮುದ್ರಿಸಿದ್ದನ್ನು ನೋಡಲಿಲ್ಲವೇ ಅಂತ ಕೇಳಬೇಡಿ. ಕಾಗದದ ಮೇಲೆ ಕಣ್ಣಾಡಿಸುವ ಬದಲು ಅವಳು ಮಫ್ಲರಿನ ಮೇಲೆ ಕಣ್ಣಿಟ್ಟಿದ್ದಳು.

ಪಕ್ಕದ ಬಾಗಿಲಿನ ಸಂದಿಯಲ್ಲಿ ನಿಂತು ಕೇಳಿದಳು. ತಮ್ಮ ಚೆನ್ನಾಗಿ ನುಡಿಸುತ್ತಿದ್ದ. ಪಕ್ಕದ ಮೊದಲನೆಯ ಕೊಳಲಿನ ಮುದುಕ ಒಂದೆರಡು ಸಲ ತಲೆದೂಗಿದ್ದನ್ನೂ ಕಂಡಳು. ನಿಧಾನ ಭಾಗ ಬಂತು. ಎಲ್ಲರೂ ಒಂದು ಸ್ವರ ಮುಂದೆ ಹೋಗಿ ನಿಂತರು. ತಮ್ಮನೊಬ್ಬ ಹಿಂದಿನ ಸ್ವರದಲ್ಲೇ ನಿಂತುಬಿಟ್ಟ. ಆ ಅಪಸ್ವರ ಸಭಾಂಗಣದ ತುಂಬ ಹಲ್ಲುನೋವಿನ ಹಾಗೆ ಎಳೆಯಿತು. ಮೇಷ್ಟ್ರು ಕೋಲು ಎತ್ತಿಯೇ ಇದ್ದರು, ಹುಬ್ಬು ಗಂಟಿಕ್ಕಿತು. ತಮ್ಮ ಬಿಡಲಿಲ್ಲ, ಹಿಡಿದೇ ಇದ್ದ.

"ಕೊಳಲು!" ಮೇಷ್ಟ್ರು ಕೋಲಿನಿಂದ ಸ್ಟ್ಯಾಂಡು ಕುಟ್ಟಿದರು. "ಪುಟ ಓದಕ್ಕೆ ಬರಲ್ವೇನಪ್ಪ? ಹೋಗಲಿ, ಕಿವಿನೂ ಇಲ್ವಾ?"

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು.

ಅಭ್ಯಾಸ ಮುಗಿದ ಮೇಲೆ ತಮ್ಮ ಪುಟದ ಕೋಣೆಗೆ ಬಂದ. ಬಿಡಿ ಪುಟವನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದ. ಕಣ್ಣು ಹಿಂದಿನ ಸ್ವರದ ನೆತ್ತಿಯ ಮೇಲೆ ಕೂತಿತ್ತು.

ಅಕ್ಕ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಮಾಡಿದ್ರಲ್ಲ ಸಾರ್! ಕೊನೆಗೂ ಮಾಡೇಬಿಟ್ರಲ್ಲ!" ಪುಟವನ್ನು ಮಫ್ಲರಿನ ಮೂಗಿಗೆ ಹಿಡಿದಳು. "ದಿನಾ ಬೆಳಿಗ್ಗೆ ಕದ್ದು ಕದ್ದು ನನ್ನ ಫೈಲು ತೆಗೆದು ಏನ್ಮಾಡ್ತಿದ್ರಿ ಅಂತ ಗೊತ್ತಿಲ್ಲ ಅಂದ್ಕೊಂಡ್ರಾ? ನಿಮ್ಮ ಮಗಳಿಗೆ ಕುರ್ಚಿ ಬೇಕು ಅಂತ ಇನ್ನೊಬ್ಬರ ಮಕ್ಕಳ ಅನ್ನಕ್ಕೆ ಮಣ್ಣು ಹಾಕೋದಾ?"

ಮಫ್ಲರ್ ಪುಟ ಇಸಿದುಕೊಂಡು ನೋಡಿದ. ಬಹಳ ಹೊತ್ತು ನೋಡಿದ. "ದೊಡ್ಡ ಪುಟದಲ್ಲಿ ಹೇಗಿದೆ?" ಅಂತ ಕೇಳಿದ.

ಅಕ್ಕ ಬಿದ್ದ ಕುರ್ಚಿ ಎತ್ತಿ, ಪಾಸ್‌ವರ್ಡ್ ಒತ್ತಿ ಫೈಲು ತೆಗೆದಳು. ದೊಡ್ಡ ಪುಟದಲ್ಲಿ ಕಣ್ಣು ಸರಿಯಾದ ಸ್ವರದ ಮೇಲೇ ಇತ್ತು, ಅವಳು ಕೂರಿಸಿದ ಹಾಗೇ ಚೆಂದವಾಗಿ. "ನೋಡಿ! ಇಲ್ಲಿ ಸರಿಯಾಗಿದೆ, ಬಿಡಿ ಪುಟದಲ್ಲಿ ತಪ್ಪಿದೆ. ಹೇಗೆ? ನಡುವೆ ಯಾರು ಮುಟ್ಟಿದ್ದು?"

"ಅಕ್ಕಾ, ಬೀಗ ಹಾಕಿದೋರು ನೀವು. ನಾನು ಹೇಗೆ ಮುಟ್ಟಲಿ?"

ಅಕ್ಕ ಮತ್ತೆ ಪರದೆಯ ಕಡೆ ತಿರುಗಿದಳು.

"ಆ ಕಣ್ಣನ್ನ ಮೌಸಲ್ಲಿ ಒಂದ್ಸಲ ಒತ್ತಿ ಹಿಡೀರಿ," ಅಂದ ಮಫ್ಲರ್.

ಒತ್ತಿ ಹಿಡಿದಳು. ಕಣ್ಣಿನಿಂದ ಒಂದು ತೆಳುವಾದ ಚುಕ್ಕೆಗೆರೆ ಹೊರಟು ದಾರದ ಹಾಗೆ ಎಡಕ್ಕೆ ಓಡಿ ಹಿಂದಿನ ಸ್ವರವನ್ನು ಮುಟ್ಟಿ ನಿಂತಿತು.

"ಅಲ್ಲಿದೆ ಅದರ ಗಂಟು," ಅಂದ ಅವನು. "ಪ್ರತಿಯೊಂದು ಗುರುತನ್ನೂ ಸಾಫ್ಟ್‌ವೇರು ಯಾವುದಾದ್ರೂ ಒಂದು ಸ್ವರಕ್ಕೆ ಕಟ್ಟಿರುತ್ತೆ. ನೀವು ಮೊದಲು ಹಿಂದಿನ ಸ್ವರದ ಮೇಲೆ ಒತ್ತಿದ್ದೀರಿ. ಆಮೇಲೆ ಕಣ್ಣಿಗೆ ಸರಿ ಕಾಣೋ ಹಾಗೆ ಎಳೆದು ಇಲ್ಲಿ ತಂದಿದ್ದೀರಿ. ಎಳೆದ್ರೆ ಗುರುತು ಬರುತ್ತೆ, ಗಂಟು ಬರಲ್ಲ. ದೊಡ್ಡ ಪುಟದಲ್ಲಿ ಗೊತ್ತಾಗಲ್ಲ. ಬಿಡಿ ಪುಟ ತೆಗೆಯುವಾಗ ನೀವು ಎಳೆದಿದ್ದನ್ನೆಲ್ಲ ಮರೆತು, ಗಂಟು ಎಲ್ಲಿದೆಯೋ ಅಲ್ಲಿಗೇ ತಂದು ಕೂರಿಸುತ್ತೆ."

ಅಕ್ಕ ಆ ಚುಕ್ಕೆಗೆರೆಯನ್ನೇ ನೋಡುತ್ತ ಕೂತಳು. ಕೈ ಮೌಸಿನ ಮೇಲೇ ಅಂಟಿಕೊಂಡಿತ್ತು.

"ಹಾಗಾದ್ರೆ ಬೆಳಿಗ್ಗೆ ಬೆಳಿಗ್ಗೆ ನೀವು..."

"ಗಂಟು ಬಿಚ್ಚಿ ಸರಿಯಾದ ಕಡೆ ಕಟ್ತಿದ್ದೆ. ಈ ಪುಟ ಒಂದೇ ಅಲ್ಲ, ನಿಮ್ಮ ಎಲ್ಲ ಪುಟಾನೂ. ನೀವು ಬರೋದ್ರೊಳಗೆ."

"ಒಂದು ಮಾತು ಹೇಳಕ್ಕೆ ಏನಾಗಿತ್ತು ಸಾರ್ ನಿಮಗೆ?"

"ಒಂದ್ಸಲ ಹೇಳಿದ್ದೆನಲ್ಲ. ಎಷ್ಟು ವಾರ ಮಾತು ಬಿಟ್ರಿ, ನೆನಪಿದೆಯಾ? ಆ ಕಾಟಕ್ಕಿಂತ ಬೇಗ ಎದ್ದು ಬರೋದೇ ವಾಸಿ ಅನ್ನಿಸ್ತು." ಆಮೇಲೆ ಸೇರಿಸಿದ, "ನಿಮ್ಮ ತಪ್ಪು ತಿದ್ದೋದ್ರಲ್ಲಿ ನಂಗೂ ಒಂದು ಖುಷಿ ಇತ್ತು ಅನ್ನಿ. ಸುಳ್ಳು ಯಾಕೆ ಹೇಳಲಿ."

ಅಷ್ಟಕ್ಕೇ ನಿಂತಿದ್ದರೆ ಅಕ್ಕನಿಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಗಿ ಕಥೆ ಮುಗಿಯುತ್ತಿತ್ತು. ಆದರೆ ಮಫ್ಲರ್ ಕುತ್ತಿಗೆಯ ಸುತ್ತನ್ನು ಸಡಿಲಿಸಿಕೊಂಡು, ಕಿಟಕಿಯಲ್ಲಿ ಹೋಗುತ್ತಿದ್ದ ಪಾದಗಳನ್ನು ನೋಡುತ್ತ ಇನ್ನೂ ಒಂದು ಮಾತು ಹೇಳಿದ. "ಬೀಗ ಬಿದ್ದ ದಿನ ನಿಮಗೆ ಹೇಳಬಹುದಿತ್ತು. ಗಂಟು ನೋಡ್ಕೊಳ್ಳಿ ಅಕ್ಕಾ ಅಂತ. ಬಾಯಿವರೆಗೂ ಬಂತು. ಮಗಳ ನೆನಪಾಯ್ತು. ಸುಮ್ಮನಾಗಿಬಿಟ್ಟೆ."

ಇಷ್ಟು ಹೊತ್ತೂ ತಮ್ಮ ಗೋಡೆಗೆ ಒರಗಿ ನಿಂತಿದ್ದ. ಅಕ್ಕ ಅವನ ಕಡೆ ತಿರುಗಿದಳು. ಏನಾದರೂ ಬೈಯಲಿ ಅಂತ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು.

"ಎಲ್ಲರೂ ಮುಂದೆ ಹೋಗಿದ್ದು ನಂಗೆ ಕೇಳಿಸ್ತು ಅಕ್ಕಾ," ಅಂದ ತಮ್ಮ. "ಕೇಳಿಸದೆ ಏನು? ಬಿಟ್ಟು ಅವರ ಜೊತೆ ಹೋಗೋಣ ಅನ್ನಿಸ್ತು. ಆದ್ರೆ ಪುಟ ನಿಂದು. ನೀನು ಹಾಕಿದ ಪುಟ ತಪ್ಪಲ್ಲ, ಅವರೆಲ್ಲ ತಪ್ಪಿರಬೇಕು ಅಂದ್ಕೊಂಡೆ. ಅದಕ್ಕೇ ಹಿಡಿದುಕೊಂಡೇ ಇದ್ದೆ."

ಅಕ್ಕನಿಗೆ ದುಃಖ ಒತ್ತರಿಸಿ ಬಂತು. ಜೀವಮಾನದಲ್ಲಿ ಯಾರನ್ನೂ ನಂಬದವಳು ಅವಳು. ಅವಳನ್ನು ಇವನು ತನ್ನ ಕಿವಿಗಿಂತ ಹೆಚ್ಚಾಗಿ ನಂಬಿದ್ದ.

ಅಳುತ್ತ ಕೂರಲು ಹೊತ್ತಿರಲಿಲ್ಲ. ಮೇಷ್ಟ್ರು ಸಂಜೆಯೇ ಹೆಸರು ಹೇಳಿಬಿಡುವವರು. ಅಭ್ಯಾಸಬಲ ನೋಡಿ, ಅಂಥ ಹೊತ್ತಿನಲ್ಲೂ ಅವಳ ಕೈ ತಾನಾಗಿ ಫೈಲು ಮುಚ್ಚಿ ಬೀಗ ಹಾಕಿತು. ಬಿಡಿ ಪುಟ ಹಿಡಿದು ಮೆಟ್ಟಿಲು ಹತ್ತಿ ಓಡಿದಳು. ಸಭಾಂಗಣದಲ್ಲಿ ವಾದ್ಯಗಳು ಪೆಟ್ಟಿಗೆ ಸೇರುತ್ತಿದ್ದವು. ಮೇಷ್ಟ್ರು ಕೋಟು ಹಾಕಿಕೊಳ್ಳುತ್ತಿದ್ದರು, ಒಂದು ತೋಳು ಒಳಗೆ, ಒಂದು ತೋಳು ಹೊರಗೆ.

"ಕೊಳಲಿನವನ ತಪ್ಪಲ್ಲ ಮೇಷ್ಟ್ರೇ. ಪುಟ ತಪ್ಪು. ಅವನು ಅಲ್ಲಿ ಏನಿದೆಯೋ ಅದನ್ನೇ ನುಡಿಸಿದ."

ಮೇಷ್ಟ್ರು ಪುಟ ನೋಡಿದರು. "ಯಾರು ಮಾಡಿದ್ದು ಇದು?"

ಯಾರ ಹೆಸರು ಹೇಳಿದರೂ ನಡೆಯುತ್ತಿತ್ತು. ಸಾಫ್ಟ್‌ವೇರಿನ ತಲೆಗೆ ಕಟ್ಟಿದ್ದರೆ ಅದು ಇಲ್ಲ ಅನ್ನಲು ಬರುತ್ತಿರಲಿಲ್ಲ. ಮಫ್ಲರನ್ನು ತೋರಿಸಿದ್ದರೂ ಅರ್ಧ ಜನ ನಂಬುತ್ತಿದ್ದರು. ಪೆಟ್ಟಿಗೆ ಮುಚ್ಚುತ್ತಿದ್ದವರೆಲ್ಲ ಕೈ ನಿಲ್ಲಿಸಿ ಇವಳನ್ನೇ ನೋಡುತ್ತಿದ್ದರು.

"ನಾನೇ," ಅಂದಳು ಅಕ್ಕ. "ನಾನು ಮಾಡಿದ್ದು. ಬೇರೆ ಯಾರೂ ನೋಡದ ಹಾಗೆ ಬೀಗಾನೂ ನಾನೇ ಹಾಕಿದ್ದು."

ಮೇಷ್ಟ್ರು ಇನ್ನೊಂದು ತೋಳನ್ನು ಕೋಟಿಗೆ ತೂರಿಸಿದರು. ಸಿಡುಕಿನ ಮನುಷ್ಯ. ಆದರೆ ಕಾಗದದ ಮೇಲಿದ್ದದ್ದು ಅವರ ಕಣ್ಣಿಗೂ ಕಾಣುತ್ತಿತ್ತಲ್ಲ. "ನಾಳೆ ಬೆಳಿಗ್ಗೆ ಅವನು ಇನ್ನೊಂದ್ಸಲ ಕೂರಲಿ. ಅದೇ ಕೊನೆ. ನಾಳೆನೂ ಪುಟ ಕೈಕೊಟ್ರೆ ನನ್ನ ಹತ್ರ ಬರಬೇಡಿ, ಹುಡುಗಿಯ ಹೆಸರು ಬರೆದುಬಿಡ್ತೀನಿ." ಹೋಗುತ್ತ ಹೋಗುತ್ತ, "ಪುಟದ ಕೋಣೆಗೆ ಬೀಗ ಅಂತೆ!" ಅಂತ ಗೊಣಗಿದರು.

ಅಕ್ಕ ಏದುಸಿರು ಬಿಡುತ್ತ ಕೆಳಗಿಳಿದು ಬಂದು ಸುದ್ದಿ ಹೇಳಿದಳು. ತಮ್ಮನ ಮುಖ ಅರಳಿತು. ಆದರೆ ಅರಳಿದ್ದು ಪೂರ್ತಿ ಅರಳುವ ಮೊದಲೇ ನಿಂತಿತು. ನೆಲ ನೋಡುತ್ತ, ಬಹಳ ಮೆಲ್ಲಗೆ, ಅವಳಿಗೆ ನೋವಾಗಬಾರದೆಂದು ಪದ ಹುಡುಕುವವನ ಹಾಗೆ ಕೇಳಿದ.

"ಅಕ್ಕಾ, ನಾಳೆ ಪುಟ ತೆಗೆಯೋ ಮುಂಚೆ... ಒಂದ್ಸಲ ಸಾರ್‌ಗೆ ತೋರಿಸ್ತೀಯಾ?"

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. "ನಾಳೆ ಯಾಕೆ?" ಅಂದಳು. "ಈಗಲೇ ತೋರಿಸ್ತೀನಿ." ತನ್ನ ಕುರ್ಚಿಯನ್ನು ಮಫ್ಲರಿನ ಕಡೆ ತಿರುಗಿಸಿದಳು. ಆ ಕುರ್ಚಿಯಲ್ಲಿ ಅವಳೆದುರಿಗೆ ಇನ್ನೊಬ್ಬರು ಕೂರುವುದು ಅದೇ ಮೊದಲು. "ಒಂದೊಂದು ಗಂಟನ್ನೂ ನೋಡಿ ಸಾರ್. ನಾನು ಪಕ್ಕದಲ್ಲಿ ನಿಂತಿರ್ತೀನಿ." ಅನುಮಾನಕ್ಕೆ ನಿಂತಿರ್ತೀನಿ ಅಂದಳೋ, ಕಲಿಯಲು ನಿಂತಿರ್ತೀನಿ ಅಂದಳೋ, ಅವಳಿಗೇ ಗೊತ್ತಿರಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಇತ್ತು. ಎಷ್ಟಾದರೂ ನಾಳೆ ತಮ್ಮ ಗೆದ್ದರೆ ಸೋಲುವವಳು ಅವನ ಮಗಳು.

ಮಫ್ಲರ್ ಕೂತ. ಫೈಲನ್ನು ಒತ್ತಿದ. ಪರದೆಯ ಮೇಲೆ ಖಾಲಿ ಚೌಕ ಬಂತು.

"ಪಾಸ್‌ವರ್ಡ್?" ಅಂದ.

ನಾನೇ ಒತ್ತುತ್ತೇನೆ ಅಂತ ಅಕ್ಕ ಕೈ ಚಾಚಿದಳು. ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಇನ್ನು ಇದರಲ್ಲೂ ಮುಚ್ಚುಮರೆ ಯಾಕೆ ಅನ್ನಿಸಿರಬೇಕು.

"ಮಫ್ಲರ್ ಕಳ್ಳ," ಅಂದಳು.

ತಮ್ಮ ಗೋಡೆಯ ಕಡೆ ತಿರುಗಿದ. ಮಫ್ಲರಿನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಒಂದು ಕೈ ಕುತ್ತಿಗೆಗೆ ಹೋಗಿ ಆ ಬೂದು ಬಟ್ಟೆಯನ್ನು ಮುಟ್ಟಿ ವಾಪಸ್ ಬಂತು. ಅವನು ಅವಳನ್ನು ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದ. ಆಮೇಲೆ ಎರಡೇ ಬೆರಳಿನಲ್ಲಿ ನಿಧಾನವಾಗಿ ಒತ್ತತೊಡಗಿದ. ಮೊದಲ ಪದ ಮುಗಿಸಿ ಕೈ ತಡೆದ.

"ನಡುವೆ ಜಾಗ ಬಿಡ್ಬೇಕಾ?"

"ಬೇಡ ಸಾರ್," ಅಂದಳು ಅಕ್ಕ. "ಸೇರಿಸೇ ಹಾಕಿದ್ದೆ."